ಕಾಶವ್ವ ಬರದೆ ಉಳಿದ ದಸರಾ

ನಮ್ಮ ಮೇಲಿನ ಮನೆಯಲ್ಲಿ ಯಾರೋ ವಾಕರ್ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಾರೆ. ಟಕ್, ಟಕ್, ಟಕ್. ನಾಲ್ಕು ಹೆಜ್ಜೆಗೆ ಸದ್ದು ನಿಂತುಬಿಡುತ್ತದೆ. ಮೊದಲೇ ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಐದನೆಯ ಹೆಜ್ಜೆ ಬೀಳುವ ತನಕ ಜೀವ ಚಡಪಡಿಸುತ್ತದೆ. ಜಕ್ಕಲಿಯ ನಮ್ಮ ಮನೆಯ ಪಡಸಾಲೆಯಲ್ಲೂ ಇದೇ ಸದ್ದಿಗಾಗಿ ನಾನು ಕಾದಿದ್ದೆ. ಆಗ ನನಗೆ ಹತ್ತು ವರ್ಷ.

ನಮ್ಮ ಆಯಿ, ಅಪ್ಪನ ತಾಯಿ ಗಂಗವ್ವ, ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮುರಿದುಕೊಂಡಿದ್ದಳು. ಗದಗಿನ ದವಾಖಾನೆಯಲ್ಲಿ ರಾಡು ಹಾಕಿ, ವಾಕರ್ ಕೊಟ್ಟು ಕಳಿಸಿದ್ದರು. ನಡೆಯಬೇಕು ಎಂದಿದ್ದರು ಡಾಕ್ಟರು; ಆಯಿ ಮಾತ್ರ ಮಂಚ ಬಿಟ್ಟು ಏಳಲೊಲ್ಲಳು. ಐದು ಮನೆ ಆಚೆ ಅವಳ ಗೆಳತಿ ಕಾಶವ್ವ ಇದ್ದಳು. ಇಬ್ಬರೂ ಮದುವೆಯಾಗಿ ಒಂದೇ ವರ್ಷ ಆ ಓಣಿಗೆ ಬಂದವರು. ಕಾಶವ್ವ ದಿನಾ ನುಚ್ಚು ಮಜ್ಜಿಗೆ ತಂದು ಉಣಿಸುವಳು, ತಲೆ ಬಾಚುವಳು, ಓಣಿಯ ಸುದ್ದಿಯನ್ನೆಲ್ಲ ಹೇಳುವಳು. ನಾವು ಎಷ್ಟು ಚಲೋ ಆಯಿತು ಎಂದುಕೊಂಡೆವು. ಓಣಿಯೇ ಮಂಚದ ಹತ್ತಿರ ಬಂದು ಕೂತಮೇಲೆ ಆಯಿ ಯಾಕೆ ಏಳುತ್ತಾಳೆ! ಆಯಿಯನ್ನು ಎರಡನೆಯ ಸಲ ಗದಗಿಗೆ ತೋರಿಸಿಕೊಂಡು ಬಂದ ಅಪ್ಪ ಕಾಶವ್ವನ ಎದುರಿಗೇ ಹೇಳಿದ: ಕಾಲು ಸೊರಗುತ್ತಿದೆಯಂತೆ, ಹೀಗೇ ಬಿಟ್ಟರೆ ಇನ್ನು ಮಂಚವೇ ಗತಿಯಂತೆ. ಕಾಶವ್ವ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಯಿ ಗೋಡೆಗೆ ಮುಖ ಮಾಡಿ ಮಲಗಿದಳು, ಉಣ್ಣಲಿಲ್ಲ. ನನಗೆ ತಡೆಯಲಾಗಲಿಲ್ಲ, ಓಡಿದೆ. ಕಾಶವ್ವ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನಾ ಬರೂದಿಲ್ಲ. ದಸರಾಕ್ಕ ಎಂಟ ದಿನ ಐತಿ. ನಾ ಆಕಿಗಿಂತ ದೊಡ್ಡಾಕಿ, ಬನ್ನಿ ಕೊಡಾಕ ಆಕೀನ ಬರ್ಬೇಕಂತ ಹೇಳು."

ದಸರಾದ ಸಂಜೆ ಸಣ್ಣವರು ದೊಡ್ಡವರ ಮನೆಗೆ ಹೋಗಿ ಬನ್ನಿ ಎಲೆ ಕೊಡುವುದು ನಮ್ಮ ಕಡೆಯ ಪದ್ಧತಿ. ಇವರಿಬ್ಬರಿಗೂ ಹುಟ್ಟಿದ ತಾರೀಖು ಗೊತ್ತಿಲ್ಲ, ಇಬ್ಬರೂ ತಾನೇ ದೊಡ್ಡವಳು ಅನ್ನುವವರೇ. ಪ್ರತಿ ವರ್ಷ ಜಗಳಾಡಿ ಕೊನೆಗೆ ನಡು ಓಣಿಯಲ್ಲಿ ನಿಂತು ಬನ್ನಿ ಕೊಟ್ಟುಕೊಳ್ಳುತ್ತಿದ್ದರು. ಆದರೆ ಕಾಲು ಮುರಿದವಳ ಜೊತೆಗೂ ಇದೇ ಹಟವೇ? ನೀನು ಕಲ್ಲು ಮನಸ್ಸಿನಾಕಿ ಎಂದು ಮುಖಕ್ಕೇ ಅಂದುಬಿಟ್ಟೆ. ಅವಳ ಸೂಜಿ ನಿಂತಿತು. ನಾನು ಮನೆಗೆ ಬಂದು ಎಲ್ಲವನ್ನೂ ಚಾಚೂ ತಪ್ಪದೆ ಹೇಳಿದೆ. ಆಯಿ ಮಂಚದ ಪಟ್ಟಿ ಹಿಡಿದು ಎದ್ದು ಕೂತಳು.

"ಯಾರು ದೊಡ್ಡಾಕಿ? ನಾ ಓಡ್ಯಾಡೂ ಮುಂದ ಆಕಿ ತೊಟ್ಟಲದಾಗಿದ್ಲು. ಆಕಿ ಮನಿಗೇ ಹೋಗಿ ಕೇಳ್ತೀನಿ, ತಾ ಇಲ್ಲೆ ಆ ವಾಕರ್."

ಅವತ್ತು ಮೂರು ಹೆಜ್ಜೆ ಇಟ್ಟಳು. ಬೈಯುತ್ತ, ಬೆವರುತ್ತ ದಿನಕ್ಕಿಷ್ಟು ನಡೆದು ಹೊಸ್ತಿಲ ತನಕ ಬಂದಳು. ದಸರಾದ ಸಂಜೆ ಸೆರಗಿನ ತುದಿಗೆ ಬನ್ನಿ ಕಟ್ಟಿಕೊಂಡು ಹೊರಟೇಬಿಟ್ಟಳು. ಒಂದೊಂದು ಮನೆಯ ಮುಂದೂ ಕೂತು ಸುಧಾರಿಸಿಕೊಳ್ಳಲೆಂದು ನಾನು ಸ್ಟೂಲು ಹೊತ್ತು ಹಿಂದೆ ನಡೆದೆ. ಕಾಶವ್ವ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿ ಊದಿದ್ದವು. ಬಯ್ಯಲೆಂದೇ ಹೋಗಿದ್ದ ಆಯಿ ಬಯ್ಯಲಿಲ್ಲ, ಅವಳ ಕೈಗೆ ಬನ್ನಿ ಇಟ್ಟು ಅತ್ತುಬಿಟ್ಟಳು. ಅಷ್ಟು ದಿನ ಬರದೆ ಇರಲು ಕಾಶವ್ವನಿಗೆ ಎಷ್ಟು ಕಷ್ಟವಾಗಿತ್ತೆಂಬುದು ಆಗ ನನ್ನ ಮಂದ ತಲೆಗೆ ಹೊಳೆಯಿತು. ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮರುದಿನದಿಂದ ಬೇರೆ ಆಟ ಶುರುವಾಯಿತು. ಆಯಿ ಹೋಗುವಳು, ಕಾಶವ್ವ ಕಳಿಸಲು ನಮ್ಮ ಬಾಗಿಲ ತನಕ ಬರುವಳು, ಮಾತು ಮುಗಿದಿರುವುದಿಲ್ಲ, ಅವಳನ್ನು ಕಳಿಸಲು ಆಯಿ ಮತ್ತೆ ಅವಳ ಮನೆ ತನಕ ಹೋಗುವಳು. ಯಾರು ಯಾರನ್ನು ಕಳಿಸುತ್ತಿದ್ದಾರೆಂದು ತಿಳಿಯದೆ ನನಗೆ ತಲೆ ಕೆಡುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ವಾಕರ್ ಮೂಲೆ ಸೇರಿತು, ಕೈಗೆ ಬರೀ ಕೋಲು ಬಂತು. ನಿಮ್ಮ ಓಣಿಯಲ್ಲೂ ಇಂಥ ಇಬ್ಬರು ಇದ್ದಿರಬೇಕು, ನೆನಪು ಮಾಡಿಕೊಳ್ಳಿ. ಈಗ ಆ ಐದೂ ಮನೆಗಳಿಲ್ಲ, ಕಟ್ಟೆಗಳನ್ನು ಒಡೆದು ರಸ್ತೆ ಮಾಡಿದ್ದಾರೆ.

ಆ ದಸರಾ ಆಗಿ ಒಂಬತ್ತು ವರ್ಷದ ಮೇಲೆ ಕಾಶವ್ವ ಮೊದಲು ತೀರಿಹೋದಳು. ಮನೆಯಲ್ಲೇ ಇರು ಎಂದು ಎಲ್ಲರೂ ಹೇಳಿದರೂ ಆಯಿ ಕೋಲು ಹಿಡಿದು ಎದ್ದಳು. "ಕಳಿಸಿ ಬರ್ತೀನಿ" ಎಂದಳು, ಅಷ್ಟೇ. ಹೆಣದ ಹಿಂದೆ ಊರ ಅಗಸಿ ಬಾಗಿಲ ತನಕ ನಡೆದಳು, ಎಲ್ಲೂ ಕೂರಲಿಲ್ಲ. ತಿರುಗಿ ಬಂದು ನಮ್ಮ ಬಾಗಿಲಲ್ಲಿ ಕಾಶವ್ವನ ಮನೆಯ ಕಡೆ ನೋಡುತ್ತ ನಿಂತವಳು ಎಷ್ಟು ಕರೆದರೂ ಬಹಳ ಹೊತ್ತು ಒಳಗೆ ಬರಲಿಲ್ಲ.