ಕಾಕಾರ ಮನೆಯ ವೈಫೈ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಲ್ಯಾಪ್‌ಟಾಪಿನ ತಳ ಬಿಚ್ಚಲು ಅವರು ಉಗುರನ್ನೇ ತೂರಿಸುತ್ತಿದ್ದರು. ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಅವರದೊಂದು ರಿಪೇರಿ ಅಂಗಡಿ. ಊರಿಗೆಲ್ಲ ಕಾಕಾ, ಯಮಕನಮರಡಿಯಲ್ಲಿ ಮಾಸ್ತರನಾಗಿದ್ದ ನನಗೂ ಕಾಕಾ.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟವರು ಅವರೇ. ಹಾಕಿದ ಮೇಲೆ ವೈಫೈ ಕಾಣಲೇ ಇಲ್ಲ. ಅದಕ್ಕೆ ಬೇಕಾದ ಡ್ರೈವರ್ ಎಂಬ ಕಡತವನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕಂತೆ. ನಾನು ರೇಗಿದೆ. ಕಾಕಾ ನಕ್ಕರು: “ಲಗ್ನ ಆಗದ ಹೊರತು ಹುಚ್ಚ ಬಿಡಂಗಿಲ್ಲ, ಹುಚ್ಚ ಬಿಡದ ಹೊರತು ಲಗ್ನ ಆಗಂಗಿಲ್ಲ. ಹಂಗಾತಿದು, ಮಾಸ್ತರ್ರ.” ತಮ್ಮ ಫೋನಿಗೆ ಕೇಬಲ್ ಜೋಡಿಸಿ ಅದರ ನೆಟ್ ಕೊಟ್ಟರು. ಆದರೆ ಕೀಲಿಮಣೆ ಮುಟ್ಟಲಿಲ್ಲ. ಯಾರ ಲ್ಯಾಪ್‌ಟಾಪ್ ಆದರೂ ಅವರವರ ಕೈಯಿಂದಲೇ ಕಮಾಂಡ್ ಹೊಡೆಸುವುದು ಅವರ ಪದ್ಧತಿ. ನಾನು ಮೂರು ಸಲ ತಪ್ಪಿದೆ. ನಾಲ್ಕನೆಯ ಸಲವೂ ಮೊದಲಿನಷ್ಟೇ ನಿಧಾನವಾಗಿ ಹೇಳಿದರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆದು ಎಡಮೈ ಬಿದ್ದುಹೋಯಿತು. ಎಡಗಣ್ಣೂ ಮಂಜಾಯಿತು. ಅಂಗಡಿ ಮುಚ್ಚಿತು. ಮೇಲವಂಕಿಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನ ಜೊತೆ ಸಂಜೆ ಚಹಾದ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಮುಖ ನೋಡಿ ಮಾತಾಡುವುದೊಂದೇ ಕಾಕಾರಿಗೆ ಉಳಿದ ಸುಖ. ಅಷ್ಟರಲ್ಲಿ ನನಗೆ ಗೋಕಾಕಕ್ಕೆ ವರ್ಗವಾಗಿತ್ತು. ಒಂದು ಬುಧವಾರ ಫೋನ್ ಮಾಡಿದರು.

“ಮಾಸ್ತರ್ರ, ವೈಫೈ ಹೋಗೇತ್ರಿ. ಎಲ್ಲಾ ಕಮಾಂಡ್ ಹೊಡದ ನೋಡೀನಿ. ಫೋನಿನ ನೆಟ್ ಮನಿಯೊಳಗ ಬರೂದಿಲ್ಲ. ಅಕ್ಕನ ಮಾರಿ ನೋಡಿ ಮೂರ ದಿನಾ ಆತು.”

ನನ್ನ ಮುಂದೆ ಉತ್ತರಪತ್ರಿಕೆಗಳ ರಾಶಿ. ಅದೊಂದು ನೆಪ, ನಿಜಕ್ಕೂ ನನಗೆ ಅಷ್ಟು ದೂರ ಹೋಗಲು ಬೇಸರ. “ರವಿವಾರ ಬರ್ತೇನ್ರಿ ಕಾಕಾ” ಎಂದೆ.

“ಆತ್ರಿ” ಎಂದರು.

ಆ ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದಿನ ಬೆಂಚಿನಿಂದ ಅವರೇ ಅಂದಂತಾಗುತ್ತದೆ. ಶುಕ್ರವಾರ ಕಾಕಾ ತೀರಿಕೊಂಡರು.

ಹೇಳಿದ ಹಾಗೆ ರವಿವಾರ ಹೋದೆ. ಕಾಕಾರ ಹೆಂಡತಿ ಲ್ಯಾಪ್‌ಟಾಪ್ ತಂದು ಅವರ ಕುರ್ಚಿಯ ಮುಂದೆಯೇ ಇಟ್ಟರು. “ಅಕ್ಕಾರಿಗೆ ಕಡೀಕ ಒಮ್ಮೆ ಮಾರಿ ನೋಡಾಕೂ ಬರಾಕ ಆಗ್ಲಿಲ್ರಿ. ಅವರಿಗೆ ವಿಡಿಯೋ ಕಾಲ್ ಹಚ್ಚಿ ಕೊಡ್ರಿ.”

ಆ ಕುರ್ಚಿಯಲ್ಲೇ ಕೂತೆ. ಕಮಾಂಡ್ ಹೊಡೆಯುವ ಪ್ರಸಂಗವೇ ಬರಲಿಲ್ಲ. ಲ್ಯಾಪ್‌ಟಾಪಿನ ಎಡ ಅಂಚಿನಲ್ಲಿದ್ದ ವೈಫೈ ಗುಂಡಿ ಸರಿದು ಆಫ್ ಆಗಿತ್ತು. ಅವರ ಸತ್ತ ಎಡಗೈ ತಾಗಿರಬೇಕು, ಅವರಿಗೆ ತಿಳಿದಿಲ್ಲ. ಬುಧವಾರ ನಾನು ಫೋನಿನಲ್ಲೇ ಗುಂಡಿಯ ಬಗ್ಗೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗುಂಡಿ ಸರಿಸಿದೆ. ನೆಟ್ ಬಂತು.

ಪರದೆಯ ಮೇಲೆ ಕಾಕಾರ ಅಕ್ಕ ಕಾಣಿಸಿದರು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

“ನೀವು ಒಂದೀಟ ಬಾಜೂ ಸರೀರಿ,” ಎಂದರು. “ನನ್ನ ತಮ್ಮ ಕುಂಡ್ರತಿದ್ದ ಜಾಗಾ ನೋಡ್ತೇನಿ.”

ನಾನು ಎದ್ದು ಸರಿದು ನಿಂತೆ.