ಸೊಂಟಕ್ಕೊಂದು ರಿವಾಲ್ವರ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಬೇರೆ ಮಾತೆಲ್ಲ ಆಮೇಲೆ. ಮೊದಲು ಇದನ್ನು ಕೇಳಿ ನೀವೂ ಒಂದಿಷ್ಟು ಹಿಗ್ಗಬೇಕು. ಆಮೇಲೆ ನಾನು ಕೆಲವರನ್ನು ಬೈಯುವುದಿದೆ, ಅದನ್ನೂ ಪಕ್ಕದಲ್ಲಿ ಕೂತು ಕೇಳಬೇಕು. ಇವತ್ತಿಗೆ ಅವಳು ಬಂದು ಇಪ್ಪತ್ತೆಂಟು ದಿನ. ಚಾಲೈ ಬೀದಿಯ ಪೂಜಾಸಾಮಾನಿನ ಅಂಗಡಿಯಲ್ಲಿ ನಾನೇ ಎಳೆ ಎಳೆಯಾಗಿ ಎಳೆದು ನೋಡಿ ಆರಿಸಿದ ಕಪ್ಪು ದಾರವನ್ನೂ, ಅದರ ಜೊತೆಗೆ ಹೊಸೆದ ಕೂದಲೆಳೆಯಷ್ಟು ಸಣ್ಣ ಚಿನ್ನದ ಸರವನ್ನೂ ಈ ದಿನ ಅವಳ ಸೊಂಟಕ್ಕೆ ಕಟ್ಟಿದೆವು. ಉಡಿದಾರ ಎನ್ನುವುದು ಎಷ್ಟು ಪುಟ್ಟ ವಸ್ತು ನೋಡಿ. ಹೊಕ್ಕುಳಿನ ಕೆಳಗೊಂದು ಕಪ್ಪು ಗೆರೆ, ಅಷ್ಟೇ. ಆದರೆ ಅದು ಬಿದ್ದ ಮೇಲೆ ಮಗು ಇನ್ನು ಹೋಗುವುದಿಲ್ಲ, ನಮ್ಮದೇ ಎಂದು ಮನಸ್ಸು ಗಟ್ಟಿಯಾಗುತ್ತದೆ.

ನಾನು ಕೊಡಗಿನವಳು. ಶಾಲೆಯ ಮೆಟ್ಟಿಲನ್ನು ಐದನೇ ಕ್ಲಾಸಿನವರೆಗೆ ಹತ್ತಿ ಇಳಿದವಳು. ಈಗ ತಿರುವನಂತಪುರದ ಪಟ್ಟಂನಲ್ಲಿ ಸೊಸೆಯ ಫ್ಲಾಟಿನಲ್ಲಿದ್ದೇನೆ. ಸೊಸೆ ಅಪರ್ಣಾಳಿಗೆ ಇಲ್ಲೇ ಹತ್ತಿರದ ತುಂಬ ಎಂಬ ಊರಿನಲ್ಲಿ ಕೆಲಸ, ರಾಕೆಟ್ಟಿನ ಕಡೆಯದು. ಮಗ ಸೋಮು ಕೊಚ್ಚಿಯಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಒಂದು ಶಾಖೆಗೆ ಮ್ಯಾನೇಜರು; ವಾರದ ಕೊನೆಗೆ ರೈಲು ಹಿಡಿದು ಬರುತ್ತಾನೆ, ಸೋಮವಾರ ಕತ್ತಲಿರುವಾಗಲೇ ಹೋಗುತ್ತಾನೆ. ಇಪ್ಪತ್ತೆಂಟನೇ ದಿನ ತಂದೆಯೇ ದಾರ ಕಟ್ಟಬೇಕು ಎಂದು ಎದುರುಮನೆಯ ಮಲಯಾಳಿ ಅಕ್ಕ, ಲತಾ ಚೇಚಿ ಹೇಳಿದರು. ನಮ್ಮಲ್ಲೂ ಉಡಿದಾರ ಉಂಟು, ಅವರಲ್ಲೂ ಉಂಟು, ದಿನ ಮಾತ್ರ ಅವರದ್ದಾಗಲಿ ಎಂದು ಒಪ್ಪಿದೆ. ಮಗುವಿನ ವಿಷಯದಲ್ಲಿ ನಾನು ಯಾರ ಶಾಸ್ತ್ರವನ್ನೂ ಬೇಡವೆನ್ನುವುದಿಲ್ಲ. ಅವಳು ಆಕಳಿಸುವಾಗ ಬಾಯಿ ಮೊದಲು ಒಂದು ಕಡೆಗೆ ವಾರೆಯಾಗಿ ಆಮೇಲೆ ನೆಟ್ಟಗಾಗುವುದನ್ನು ನೀವು ನೋಡಿದ್ದರೆ ನೀವೂ ಎಲ್ಲ ದೇವರಿಗೂ ಕೈಮುಗಿಯುತ್ತಿದ್ದಿರಿ.

ಇನ್ನು ಬೈಗುಳಕ್ಕೆ ಬರುತ್ತೇನೆ.

ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳಕ್ಕೆ ಬಂದು ಆಕಾಶದ ಕಡೆಗೆ ಒಂದು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದವರು ಸೌದೆ ಒಡೆಯುತ್ತಿದ್ದರೆ ಕೊಡಲಿ ಕೆಳಗಿಟ್ಟು, 'ಇಂಥವರ ಮನೆಯಲ್ಲಿ ಹುಟ್ಟಿತು' ಎಂದು ನಗುತ್ತಾರೆ. ನನ್ನ ತಮ್ಮ ಪೂವಯ್ಯ ಹುಟ್ಟಿದಾಗ ಹೊಡೆದ ಗುಂಡು ನನಗೆ ನೆನಪಿದೆ. ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನೊಳಗೆ ನುಗ್ಗಿದ್ದೆ. ನಾನು ಹುಟ್ಟಿದಾಗ ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಅಜ್ಜಿ, ಆ ದಿನ ಕೋವಿಗೆ ಎಣ್ಣೆ ಹಾಕಿರಲಿಲ್ಲ ಮಗಾ, ಎಂದಿದ್ದಳು. ಎಷ್ಟೋ ವರ್ಷ ನಾನದನ್ನು ನಂಬಿದ್ದೆ. ಆ ಕೋವಿ ಈಗ ಪೂವಯ್ಯನ ಮನೆಯ ಗೋಡೆಯ ಮೇಲಿದೆ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಆಸ್ಪತ್ರೆಯ ವರಾಂಡದಿಂದಲೇ ಮೊದಲು ಅವನಿಗೆ ಹೇಳಿದೆ.

"ಪೂವಯ್ಯಾ, ಕೋವಿ ಇಳಿಸು. ಮೊಮ್ಮಗಳು ಬಂದಳು."

"ಹೆಣ್ಣಲ್ವಾ ಅಕ್ಕ?"

"ಹೌದು. ಏನೀಗ?"

"ಹೆಣ್ಣಿಗೆ ಹೊಡೆಯೋ ಪದ್ಧತಿ ಇಲ್ವಲ್ಲ. ಪಾಯಸ ಮಾಡಿಸ್ತೀನಿ ಬಿಡು."

ಪಾಯಸ ನೀನೇ ಕುಡಿ ಎಂದು ಫೋನಿಟ್ಟವಳು ಆಮೇಲೆ ಅವನ ಕರೆಯನ್ನು ತೆಗೆದುಕೊಳ್ಳಲೇ ಇಲ್ಲ. ಹೆಣ್ಣು ಹುಟ್ಟಿದಾಗ ಬಾಯಿ ಕಟ್ಟಿಕೊಂಡು ಕೂತ ಕೋವಿಯನ್ನು ಆಯುಧದ ಹಬ್ಬದ ದಿನ ಹೂವಿಟ್ಟು ಪೂಜಿಸಬೇಕಂತೆ, ಅದರ ಮುಂದೆ ಹೆಂಗಸರು ದೀಪ ಹಚ್ಚಬೇಕಂತೆ. ಹಚ್ಚಿದ ಕೈ ನನ್ನದೂ ಇದೆಯಲ್ಲ ಎಂದು ಇನ್ನಷ್ಟು ಉರಿಯಿತು.

ಹೀಗೆ ಸದ್ದು ಮಾಡಬೇಕಾದ ಕೋವಿ ಸುಮ್ಮನಿದ್ದ ಹೊತ್ತಿನಲ್ಲೇ, ಬರಬಾರದ ಇನ್ನೊಂದು ಮನೆಯೊಳಗೆ ಬರಲು ಹೊರಟಿತು. ಸೋಮುವಿಗೆ ರಿವಾಲ್ವರಿನ ಪರವಾನಗಿ ಬಂದಿತ್ತು. ಕೆಲವು ತಿಂಗಳ ಹಿಂದೆ ಶಾಖೆ ಮುಚ್ಚಿ ಬರುವಾಗ ಬೈಕಿನಲ್ಲಿ ಇಬ್ಬರು ಅವನ ಹಿಂದೆಯೇ ಬಂದು, ಅವನು ನಿಂತಲ್ಲಿ ನಿಂತು, ತಿರುಗಿದಲ್ಲಿ ತಿರುಗಿ, ಕೊನೆಗೆ ಅವನು ಒಂದು ಹೋಟೆಲ್ಲಿಗೆ ನುಗ್ಗಿದ ಮೇಲೆ ಹೋದರಂತೆ. ಅಂದಿನಿಂದ ಅವನ ಕಣ್ಣು ಮಾತಿನ ನಡುವೆ ಬಾಗಿಲ ಕಡೆಗೆ ಹೋಗುತ್ತದೆ. ಆ ಹೆದರಿಕೆ ಸುಳ್ಳಲ್ಲ. ಹೆತ್ತವಳಿಗೆ ಅದು ಕಾಣುತ್ತದೆ. ಆದರೆ ಅದಕ್ಕೆ ಅವನು ಕಂಡುಕೊಂಡ ಮದ್ದಿನ ಮೇಲೆ ನನಗೆ ಸಿಟ್ಟು.

ಮಗುವಿನ ಚಿನ್ನದ ಸರ ಕೊಳ್ಳಲು ಅವನ ಜೊತೆ ಕೊಚ್ಚಿಗೆ ಹೋಗಿದ್ದೆ. ರೈಲಿಳಿದವನೇ, ಹತ್ತು ನಿಮಿಷದ ಕೆಲಸ ಅಮ್ಮ ಎಂದು ಮೊದಲು ಒಂದು ಬಂದೂಕಿನ ಅಂಗಡಿಗೆ ಕರೆದೊಯ್ದ. ಬಿಳಿ ಮುಂಡು ಉಟ್ಟ ಅಂಗಡಿಯವರು ಹಿಂದೆ ಮೈಸೂರಿನಲ್ಲಿದ್ದವರಂತೆ, ಕನ್ನಡ ಬರುತ್ತಿತ್ತು. ಗಾಜಿನ ಮೇಲೆ ಕೆಂಪು ಬಟ್ಟೆ ಹಾಸಿ, ಬಳೆ ತೋರಿಸುವವರ ಹಾಗೆ ಒಂದೊಂದಾಗಿ ಇಟ್ಟರು. ಹೊರದೇಶದ ಹಳೆಯದೊಂದನ್ನು ತೋರಿಸಿ, "ಇದರ ಬೆಲೆ ಕೇಳಬೇಡಿ ಸಾರ್, ಸುಮ್ಮನೆ ಕಣ್ಣಲ್ಲಿ ನೋಡಿ" ಎಂದರು. ಆಮೇಲೆ ಅಂಗೈಯಗಲದ ಒಂದನ್ನು ಮುಂದೆ ತಳ್ಳಿದರು.

"ನಮ್ಮ ದೇಶದ್ದೇ. ಕೈಗೆಟಕೋ ಬೆಲೆ. ಶರ್ಟಿನ ಒಳಗಿದ್ದರೆ ಹೆಂಡತಿಗೂ ಗೊತ್ತಾಗಲ್ಲ. ಡಬಲ್ ಆ್ಯಕ್ಷನ್ ಸಾರ್. ಬೆರಳು ಒಂದು ಸಲ ಎಳೆದರೆ ಸಾಕು, ಹಿಂದಿರೋ ಈ ಸಣ್ಣ ಸುತ್ತಿಗೆ ಇದೆಯಲ್ಲ, ಕುದುರೆ, ಅದು ತಾನೇ ಎದ್ದು ತಾನೇ ಬೀಳುತ್ತೆ. ಬೇರೆ ಏನೂ ಮಾಡೋದು ಬೇಡ."

"ಜೇಬಲ್ಲಿ ತಾನಾಗಿ ಹಾರಿದರೆ?" ಎಂದ ಸೋಮು.

"ಟ್ರಿಗರ್ ಬಿಗಿ ಇದೆಯಲ್ಲ, ಅದೇ ಕಾವಲು. ಬೇಕೂಂತಲೇ ಎಳೀಬೇಕು. ಸಣ್ಣ ಕುಟ್ಟಿಗಳ, ಮಕ್ಕಳ ಬೆರಳಿಗಂತೂ ಆಗೋದೇ ಇಲ್ಲ."

"ಕುಟ್ಟಿ ಬೆಳೆಯೋದಿಲ್ವಾ?" ಎಂದೆ.

ಅವರು ನಕ್ಕರು. ಸೋಮು ನಗಲಿಲ್ಲ. ಅದನ್ನು ಎತ್ತಿಕೊಂಡು, ಫೋನನ್ನು ಜೇಬಿಗೆ ಹಾಕುವಷ್ಟೇ ಸಲೀಸಾಗಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಬಿಟ್ಟು, ಕನ್ನಡಿಯ ಮುಂದೆ ಈ ಪಕ್ಕ ಆ ಪಕ್ಕ ತಿರುಗಿದ.

"ಕಾಣ್ತಾ ಅಮ್ಮ?"

ಮದುವೆಯ ಜವಳಿಯ ದಿನವೂ ಇದೇ ದನಿಯಲ್ಲಿ ಕೇಳಿದ್ದ. ನನಗೆ ಮೈ ಬಿಸಿಯಾಯಿತು.

"ತೆರೆದು ನೋಡಿದೆಯೇನೋ?"

"ಏನನ್ನ?"

ಅವನ ಮುಂಗೈಯ ಮೇಲೆ ಒಂದು ಏಟು ಹಾಕಿದೆ. ಗಡ್ಡ ನರೆಯತೊಡಗಿದ ಮಗ, ಹೊರಗಿನವರ ಅಂಗಡಿ, ಯಾವುದನ್ನೂ ನೋಡಲಿಲ್ಲ. ಅಂಗಡಿಯವರು ಗಾಬರಿಯಾಗಿ, "ಖಾಲಿ ಇದೆ ಅಮ್ಮೇ, ನಾನು ನೋಡಿಯೇ ಇಟ್ಟಿದ್ದು" ಎಂದರು. "ನೀವು ನೋಡಿದ್ದು ನಿಮಗಾಯ್ತು. ಇವನು ನೋಡಬೇಕಿತ್ತು" ಎಂದೆ.

ಏಟು ಯಾಕೆ ಎಂದು ನಿಮಗೆ ಹೇಳದಿದ್ದರೆ ನಾನು ಹುಚ್ಚಿಯೆಂದುಕೊಳ್ಳುತ್ತೀರಿ. ನಮ್ಮ ಮನೆಗಳಲ್ಲಿ ಕೋವಿ ಯಾರ ಕೈಯಿಂದ ಯಾರ ಕೈಗೆ ಬಂದರೂ, ಕೊಟ್ಟವರು ದೇವರೇ ಆಗಿದ್ದರೂ, ಪಡೆದವರು ಅದರ ಬಾಯಿ ನೆಲಕ್ಕೆ ಮಾಡಿ, ತೆರೆದು, ಒಳಗೆ ಗುಂಡಿನ ತೋಟೆ ಇದೆಯೋ ಇಲ್ಲವೋ ಎಂದು ತಮ್ಮ ಕಣ್ಣಿಂದ ನೋಡಬೇಕು. ಅಣ್ಣ ನೋಡಿ ಕೊಟ್ಟಿದ್ದನ್ನು ತಮ್ಮ ಮತ್ತೆ ನೋಡುತ್ತಾನೆ; ಅಣ್ಣ ಅದನ್ನು ಅಪನಂಬಿಕೆ ಎಂದುಕೊಳ್ಳುವುದಿಲ್ಲ. ಸೋಮುವಿಗೆ ಪೂವಯ್ಯ ಕಲಿಸಿದ ಮೊದಲ ಪಾಠವೇ ಅದು. ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಸರದಿ ಬರುವ ಮೊದಲು ತೆರೆಯುವುದು, ನೋಡುವುದು, ಮುಚ್ಚುವುದು ಎಂದು ಬರಿಗೈಯಲ್ಲೇ ಅಭ್ಯಾಸ ಮಾಡುತ್ತಿದ್ದ ಮಗು ಅವನು. ಅಂಥವನು ಮರೆತ. ಯಾಕೆ ಮರೆತ? ವಸ್ತು ಚಿಕ್ಕದು, ಅದಕ್ಕೆ. ಹೆಗಲ ಮೇಲೆ ಭಾರವಾಗಿ ಕೂರುವ ಕೋವಿ, ನಾನು ಕೋವಿ ಎಂದು ಕ್ಷಣಕ್ಷಣಕ್ಕೂ ನೆನಪಿಸುತ್ತಿರುತ್ತದೆ. ಅಂಗಿಯಡಿಯಲ್ಲಿ ಅಡಗುವುದು ಮೊದಲು ಮರೆಯಾಗುವುದು ಇಟ್ಟುಕೊಂಡವನ ಮನಸ್ಸಿನಿಂದಲೇ.

ಸಿಟ್ಟಿನಲ್ಲೇ ಚಿನ್ನದ ಸರ ಕೊಂಡೆವು. ಶನಿವಾರ ಬಂದು ರಿವಾಲ್ವರ್ ತೆಗೆದುಕೊಂಡು ಹೋಗುತ್ತೇನೆ ಎಂದು ಅವನು ಬಂದೂಕಿನ ಅಂಗಡಿಯವರಿಗೆ ಹೇಳಿದ್ದನ್ನು ಕೇಳಿಯೂ ಕೇಳದವಳಂತಿದ್ದೆ. ಒಬ್ಬಳೇ ಹಿಂದಿರುಗುವಾಗ ರೈಲಿನ ಕಿಟಕಿಯ ಹೊರಗೆ ಹಿನ್ನೀರು, ದೋಣಿ, ಬಾಳೆತೋಟ ಎಲ್ಲ ಓಡುತ್ತಿದ್ದವು. ನನ್ನ ಹೆಬ್ಬೆರಳು ಮಾತ್ರ ಮಡಿಲಲ್ಲಿ ಏನನ್ನೋ ಹಿಂದಕ್ಕೆಳೆಯುತ್ತಿತ್ತು. ನಮ್ಮ ತವರಿನ ಆ ಹಳೆಯ ಜೋಡುನಳಿಗೆಯ ಕೋವಿಯ ಬೆನ್ನ ಮೇಲೆ ಎರಡು ಕುದುರೆಗಳಿವೆ. ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಬೇಕು, ಟಕ್ಕೆಂದು ಸದ್ದಾಗುತ್ತದೆ. ಆಮೇಲೆ ತೋರುಬೆರಳು ಎಳೆದರೆ ಗುಂಡು. ಎರಡು ಕೆಲಸ, ಎರಡು ಬೆರಳು, ನಡುವೆ ಒಂದು ಉಸಿರು. ಆ ಉಸಿರಿನಲ್ಲಿ ಮನುಷ್ಯನಿಗೆ ಎಷ್ಟೆಲ್ಲ ಹೊಳೆಯುತ್ತದೆ: ಪೊದೆಯಲ್ಲಿ ಅಲುಗಿದ್ದು ಹಂದಿಯೋ, ಸೌದೆಗೆ ಬಂದ ಹೆಂಗಸೋ, ಎದುರಿಗಿರುವವನು ಕಳ್ಳನೋ, ದಾರಿ ತಪ್ಪಿದವನೋ. ಬೇಡವೆನಿಸಿದರೆ ಕುದುರೆಯನ್ನು ಮೆಲ್ಲಗೆ ಇಳಿಸಿ ಮನೆಗೆ ಬರಬಹುದು. ಹಾಗೆ ಇಳಿಸಿ ಬಂದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಅವರಿಂದಲೇ ಊರು ಉಳಿದಿದ್ದರೂ. ಈ ಹೊಸದರಲ್ಲಿ ಎರಡೂ ಕೆಲಸ ಒಂದೇ ಎಳೆತಕ್ಕೆ ಸೇರಿಕೊಂಡಿವೆ. ಟ್ರಿಗರ್ ಬಿಗಿ ಎನ್ನುತ್ತಾರೆ. ಹೆದರಿದವನ ಬೆರಳಿಗಿಂತ ಬಿಗಿಯಾದದ್ದು ಯಾವುದಿದೆ ಹೇಳಿ. ಎಂಟೂ ದಿಕ್ಕಿನಲ್ಲಿ ಬೈಕಿನ ಸದ್ದು ಕೇಳುವ ನನ್ನ ಮಗನಿಗೆ ಬೇಕಾದದ್ದು ಆ ನಡುವಿನ ಉಸಿರು, ಅದನ್ನೇ ತೆಗೆದುಹಾಕಿ ಮಾರುತ್ತಿದ್ದಾರೆ. ಮೇಲೆ ಅಗ್ಗ ಎಂದು ಬೇರೆ ಹೇಳುತ್ತಾರೆ.

ಇದನ್ನೆಲ್ಲ ಅಪರ್ಣಾಳ ಮುಂದೆ ಕಾರಿಕೊಂಡೆ. ಮಗುವಿಗೆ ಹಾಲೂಡಿಸುತ್ತಿದ್ದ ಅವಳು ಅದನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. ಆಮೇಲೆ, "ನಮ್ಮ ರಾಕೆಟ್ಟೂ ನಿಮ್ಮ ಆ ಹಳೇ ಕೋವಿ ಹಾಗೇ ಅತ್ತೆ. ಉರಿ ಹತ್ತೋವರೆಗೂ ಯಾರಾದರೂ 'ನಿಲ್ಲಿಸಿ' ಅಂತ ಹೇಳೋಕೆ ದಾರಿ ಇಟ್ಟಿರ್ತಾರೆ" ಎಂದಳು. ಇಷ್ಟು ದೊಡ್ಡ ರಾಕೆಟ್ಟಿಗೇ ಒಂದು ತಡೆಯಿರುವಾಗ ಅಂಗೈಯಗಲದ ಕಬ್ಬಿಣಕ್ಕೆ ಬೇಡವಾಯಿತೇ ಎಂದು ನನಗೆ ಇನ್ನೊಂದು ಸುತ್ತು ಸಿಟ್ಟು ಬಂತು. ಆ ರಾತ್ರಿ ಅವಳು ಫೋನಿನಲ್ಲಿ ಗಂಡನನ್ನು ಒಂದೇ ಪ್ರಶ್ನೆ ಕೇಳಿದ್ದು ನನ್ನ ಕಿವಿಗೂ ಬಿತ್ತು: "ಮನೆಗೆ ಬಂದಾಗ ಅದನ್ನ ಎಲ್ಲಿಡ್ತೀಯ? ಬೀಗ ಇರೋದು ಒಂದೇ ಕಪಾಟಿಗೆ. ಅದರಲ್ಲಿ ಇವಳ ಬಟ್ಟೆ ಇದೆ." ಅವನು ಏನೆಂದನೋ ತಿಳಿಯದು. ನಾನಂತೂ ಅವನ ಜೊತೆ ಊಟವಾಯಿತೇ ಎಂಬುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಶನಿವಾರ ಕಳೆದು ಇವತ್ತು ಬಂತು. ಬೆಳಗಿನ ರೈಲಿಗೆ ಬಂದವನು ಸ್ನಾನ ಮಾಡಿ, ಅಂಗಿಯನ್ನು ಹೊರಗೆ ಬಿಟ್ಟುಕೊಂಡೇ ಮಣೆಯ ಮೇಲೆ ಕೂತ. ಲತಾ ಚೇಚಿ ಆರತಿ ತಟ್ಟೆ ಹಿಡಿದಿದ್ದರು. ಅಪರ್ಣಾ ಮಗುವನ್ನು ಅವನ ತೊಡೆಯ ಮೇಲೆ ಇಡಲು ಬಗ್ಗಿದಾಗ ನಾನು ಅಡ್ಡ ಕೈ ಚಾಚಿದೆ.

"ಸೋಮು, ಅಂಗಿ ಎತ್ತು."

"ಅಮ್ಮ, ಎಲ್ಲರೂ ಇದ್ದಾರೆ."

"ಇರಲಿ. ತೆರೆದು ನೋಡದೆ ನಾನು ಕೊಡೋದಿಲ್ಲ."

ಅವನು ನನ್ನ ಮುಖವನ್ನೇ ನೋಡುತ್ತ ಅಂಗಿ ಎತ್ತಿದ. ಸೊಂಟದಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂದರೆ ತಪ್ಪು. ಪ್ಯಾಂಟಿನ ಅಂಚಿನ ಮೇಲೆ ಬಣ್ಣಗೆಟ್ಟ ಕಪ್ಪು ದಾರವೊಂದು ಇಣುಕುತ್ತಿತ್ತು. ಕಳೆದ ಹಬ್ಬಕ್ಕೆ, ಇಷ್ಟು ವಯಸ್ಸಾದರೂ ಬಿಡುವುದಿಲ್ಲವಲ್ಲ ಅಮ್ಮ ಎಂದು ಗೊಣಗುತ್ತಿದ್ದವನಿಗೆ ನಾನೇ ಕಟ್ಟಿದ ಉಡಿದಾರ.

"ತಗೊಳ್ಳಲಿಲ್ಲ" ಎಂದ.

"ಯಾಕೆ, ಅಗ್ಗದ್ದು ಖರ್ಚಾಗಿಹೋಗಿತ್ತಾ?"

"ಇತ್ತು. ನನ್ನ ಹೆಸರಲ್ಲಿ ಎತ್ತಿಟ್ಟಿದ್ದರು." ಅಂಗಿ ಇಳಿಸಿ ಅಂದ: "ಅವತ್ತು ನಾನು ತೆರೆದು ನೋಡಲಿಲ್ವಲ್ಲ ಅಮ್ಮ. ಅದನ್ನೇ ಮರೆತವನು ಇನ್ನೇನೇನು ಮರೀತೀನೋ."

"ಹೆದರಿಕೆ?"

"ಹೆದರಿಕೆ ಇದೆ. ಕಚೇರಿಯಲ್ಲಿ ಹೇಳಿದ್ದೀನಿ, ಇನ್ಮೇಲೆ ಬೀಗ ಹಾಕಿ ಒಬ್ಬನೇ ಬರಲ್ಲ, ಕಾವಲಿನವರ ಜೊತೆಗೇ ಹೊರಡ್ತೀನಿ ಅಂತ."

ಲತಾ ಚೇಚಿಗೆ ನಮ್ಮ ಮಾತೊಂದೂ ತಿಳಿಯದೆ, ಮುಹೂರ್ತ ಮೀರುತ್ತದೆ ಎಂದು ಮಲಯಾಳದಲ್ಲಿ ಅವಸರಿಸಿದರು. ಮಗುವನ್ನು ನಾನೇ ಅವನ ತೊಡೆಯ ಮೇಲಿಟ್ಟೆ. ಗಂಟು ಹಾಕುವಾಗ ದಾರ ಎರಡು ಸಲ ಜಾರಿತು. ಮೊದಲು ಸುತ್ತು, ಆಮೇಲೆ ಉಸಿರು ಬಿಡು, ಆಮೇಲೆ ಗಂಟು ಬಿಗಿ ಎಂದೆ. ಬಿಗಿದ. ಅವಳು ಬಾಯಿ ವಾರೆ ಮಾಡಿ ಆಕಳಿಸಿದಳು.

ಸಿಟ್ಟು ಇಳಿಯಿತೇ ಎಂದು ಕೇಳುತ್ತೀರೇನೋ. ಪೂರ್ತಿ ಇಳಿದಿಲ್ಲ. ಹಿಂದೆ ಬಿದ್ದ ಆ ಇಬ್ಬರ ಮೇಲೆ ಇದೆ, ಹೆಂಡತಿಗೂ ಗೊತ್ತಾಗಲ್ಲ ಎಂದು ಹೊಗಳಿ ಮಾರುವವರ ಮೇಲೆ ಇದೆ. ಪೂವಯ್ಯನ ಮೇಲಂತೂ ಧಾರಾಳವಾಗಿ ಇತ್ತು. ಸಂಜೆ ಎಲ್ಲರೂ ನೆಲಕ್ಕೆ ಚಾಪೆ ಹಾಸಿ ಬಾಳೆಲೆಯ ಮುಂದೆ ಕೂತಿದ್ದೆವು: ಸೋಮು, ಅಪರ್ಣಾ, ಅವಿಯಲ್ ಹಿಡಿದು ಬಂದ ಲತಾ ಚೇಚಿ, ನಡುವೆ ತೊಟ್ಟಿಲು. ನಾನು ಮಾಡಿದ ಕಡುಬನ್ನು ಸೋಮು ಮುರಿಯುತ್ತಿದ್ದಾಗ ಅವನ ಫೋನಿಗೆ ಪೂವಯ್ಯನ ಕರೆ ಬಂತು. ನಾನು ತೆಗೆದುಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಲ್ಲ. ಸೋಮು ಸ್ಪೀಕರಿಗೆ ಹಾಕಿ ಎಲೆಗಳ ನಡುವೆ ಇಟ್ಟ.

"ಅಕ್ಕ ಇದಾಳಾ? ನಾನೇನೂ ಹೊಡೀತಿಲ್ಲ, ಹೇಳಿರ್ತೀನಿ. ನನ್ನ ಮಗಳು ಹಟ ಹಿಡಿದು ಗೋಡೆಯಿಂದ ಕೋವಿ ಇಳಿಸಿದಾಳೆ."

"ತೆರೆದು ನೋಡಿದಳಾ?" ಎಂದೆ. ಮಾತು ಬಿಟ್ಟಿದ್ದೇನೆಂಬುದು ಮರೆತೇಹೋಗಿತ್ತು.

ದೂರದಿಂದ ಹೆಣ್ಣುದನಿ, "ನೋಡಿದೆ ಅತ್ತೆ, ನೋಡಿಯೇ ತೋಟೆ ಹಾಕಿದೆ" ಎಂದಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಟಕ್ಕೆಂದು ಕುದುರೆ ನಿಂತ ಸದ್ದು. ಒಂದು ಉಸಿರು. ಯಾರ ಕೈಯೂ ಎಲೆಯಿಂದ ಏಳಲಿಲ್ಲ. ಮತ್ತೆ ಅಲ್ಲಿನ ಆಕಾಶಕ್ಕೆ ಹಾರಿದ್ದು ಇಲ್ಲಿ ಬಾಳೆಲೆಯ ಮೇಲೆ ಬಂದು ಒಡೆಯಿತು. ತೊಟ್ಟಿಲಲ್ಲಿ ಅವಳು ಕಿರುಚಿ ಎದ್ದಳು. ಅಪರ್ಣಾ ಎಂಜಲ ಕೈಯಲ್ಲೇ ಏಳಹೋದಳು. ನೀನು ತಿನ್ನು ಎಂದು ನಾನು ಎತ್ತಿಕೊಂಡೆ. ಅಳುವಿಗೆ ಉಬ್ಬಿ ಇಳಿಯುತ್ತಿದ್ದ ಹೊಟ್ಟೆಯ ಮೇಲೆ ಉಡಿದಾರವೂ ಏರಿ ಇಳಿಯುತ್ತಿತ್ತು. ಸೋಮು ಎಡಗೈಯಿಂದ ಗಂಟನ್ನು ಮುಟ್ಟಿ ನೋಡಿ, ಇನ್ನೊಂದು ಕಡುಬು ಹಾಕಮ್ಮ ಎಂದ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಡಿಸಿದೆ.