ಬಾಗಿಲಿಗೆ ಮೂರು, ಸೊಂಟಕ್ಕೆ ಒಂದು

ತೆಲುಗು ಸೀಮೆಯ ಉಪ್ಪಲ್‌ನ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಕಡತ ನೋಡುವುದು. ಕನ್ನಡ ಬರುತ್ತದೆಂಬ ತಪ್ಪಿಗೆ ದುಭಾಷಿಯ ಕೆಲಸವೂ ಬೀಳುತ್ತದೆ. ಅಂದು ಯಾದಗಿರಿ ಕಡೆಯ ಬಡಗಿಯೊಬ್ಬ ಹನ್ನೆರಡು ವರ್ಷದ ಮಗಳನ್ನು ಕರೆತಂದಿದ್ದ. ಸೊಂಟದ ಕೀಲಿನಲ್ಲಿ, ಎಲುಬು ಬೆಳೆಯುವ ಜಾಗದಲ್ಲೇ, ತೊಡೆಮೂಳೆಯ ತಲೆ ಜಾರಿತ್ತು. ಇನ್ನಷ್ಟು ಜಾರಿದರೆ ಜೀವನವಿಡೀ ಕುಂಟಬೇಕು, ಇವತ್ತೇ ಒಂದು ಸ್ಕ್ರೂ ಹಾಕಿ ನಿಲ್ಲಿಸಬೇಕು ಎಂದು ಸರ್ಜನ್ ತೆಲುಗಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

“ಒಂದ ಸ್ಕ್ರೂ ಏನ್ರಿ? ಬಾಗಲದ ಬಿಜಾಗ್ರಿಗೆ ನಾವು ಮೂರು ಹೊಡೀತೀವ್ರಿ.”

ಬಾಗಿಲು ಬೇರೆ, ಎಲುಬು ಬೇರೆ ಎಂದೆ. ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಅರ್ಧ ಗಂಟೆ ವಿವರಿಸಿದೆ, ಚಿತ್ರ ಬರೆದೆ, ಗದರಿದೆ.

“ಅಪ್ಪಾ, ಸಾಕ್ ಮಾಡೋ, ಕಾಲು ಭಾಳ ನೋಯಾಕತ್ತೈತಿ,” ಎಂದಳು ಸ್ಟ್ರೆಚರ್ ಮೇಲಿದ್ದ ಮಗಳು.

“ಮೊದಲ ಸ್ಕ್ರೂ ತೋರಸ್ರಿ,” ಎಂದ ಅಪ್ಪ.

ಬೇಸತ್ತ ಸರ್ಜನ್ ಮಾದರಿಯೊಂದನ್ನು ತರಿಸಿದರು. ಬಡಗಿ ಅದರ ಮೇಲೆ ಉಗುರು ಎಳೆದು ನೋಡಿದ. “ಥ್ರೆಡ್ಡು ತುದೀಗಷ್ಟ ಐತಿ. ಜಾರೋ ತಲೀನ ಇದು ಗಟ್ಟಿ ಹಿಡೀತೈತಿ. ಒಂದ ಸಾಕ್ರಿ, ನಟ್ಟನಡುವ ಕುಂದರಸ್ರಿ,” ಎಂದು ಸಹಿ ಹಾಕಿದ.

ಏನಂತೆ ಎಂದು ಸರ್ಜನ್ ಕೇಳಿದರು.

“ನೀವು ಹೇಳಿದ್ದನ್ನೇ ನಿಮಗೆ ಕಲಿಸುತ್ತಿದ್ದಾನೆ,” ಎಂದೆ.